ಹದಿಹರೆಯದ ಮಕ್ಕಳ ಮನೆ ಭೇಟಿ ಕೆಲಸಕ್ಕೆ ಮೂರು ದಿನದ ತರಬೇತಿ ಸಾಕಾ?

ಗಂಗಾವಳಿ ದಡ
ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ಕಡೆಯವಳು. ಸಮಾಜಶಾಸ್ತ್ರ ತೆಗೆದುಕೊಂಡು ಬಿಎ ಮುಗಿಸಿದ್ದೇನೆ. ಈಗ ಸಣ್ಣ ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತೆ ಕೆಲಸ ಸಿಕ್ಕಿದೆ. 13ರಿಂದ 18 ವರ್ಷದ ಮಕ್ಕಳು ಮತ್ತು ಅವರ ಮನೆಯವರ ಜೊತೆ ಕೆಲಸ. ಶಾಲೆ ಬಿಟ್ಟವರು, ಬಿಡುವ ಹಂತದಲ್ಲಿ ಇರುವವರು, ಮನೆಯಲ್ಲಿ ಜಗಳ ಇರುವವರು. ಅರ್ಧ ಊರುಗಳು ಸಮುದ್ರದ ಕಡೆ, ಇನ್ನರ್ಧ ಘಟ್ಟದ ಬುಡದಲ್ಲಿ.

ಮೂರು ದಿನ ತರಬೇತಿ ಕೊಟ್ಟರು. ಮೊದಲ ದಿನ ಈ ವಯಸ್ಸಿನಲ್ಲಿ ದೇಹ, ಮನಸ್ಸು ಹೇಗೆ ಬದಲಾಗುತ್ತದೆ ಅಂತ. ಎರಡನೇ ದಿನ ಕಾನೂನು. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ), ಬಾಲನ್ಯಾಯ ಕಾಯ್ದೆ, ಬಾಲ್ಯವಿವಾಹ ತಡೆ. ಮೂರನೇ ದಿನ ಗುಂಪು ಚಟುವಟಿಕೆ, ಪ್ರಮಾಣಪತ್ರ, ಫೋಟೊ. ಹೇಳಿದವರು ಚೆನ್ನಾಗಿಯೇ ಹೇಳಿದರು. ಆದರೆ ನಮ್ಮಲ್ಲಿ ಒಬ್ಬಳು ಎದ್ದು ನಿಂತು, "ನಾವು ಹೋದಾಗ ಹುಡುಗಿಯ ಅಪ್ಪ ಕುಡಿದು ಜಗಲಿಯಲ್ಲೇ ಕೂತಿದ್ದರೆ ಏನು ಮಾಡಬೇಕು?" ಅಂತ ಕೇಳಿದಳು. "ಪರಿಸ್ಥಿತಿ ನೋಡಿಕೊಂಡು ನಿಭಾಯಿಸಿ" ಅಂದರು. ಮುಂದಿನ ಸ್ಲೈಡ್ ಬಂತು. ನನಗೆ ಬೇಕಾಗಿದ್ದದ್ದು ಆ ಉತ್ತರವೇ.

ಮುಂದಿನ ವಾರ ಮನೆ ಭೇಟಿ ಶುರು. ಈ ಕೆಲಸ ಮಾಡಿದವರು, ಮಾಡುತ್ತಿರುವವರು ಹೇಳಿ. ಹೋಗುವ ಮೊದಲು ಏನು ಕಲಿತಿರಬೇಕು? ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡದೆ ಈ ಕೆಲಸಕ್ಕೆ ಇಳಿಯುವುದು ತಪ್ಪಾ? ದುಡಿಯುತ್ತಲೇ ಮಾಡಬಹುದಾದ ಕೋರ್ಸ್ ಯಾವುದಿದೆ?

ಘಟ್ಟದ ಮೇಲಿನವ
ಒಳ್ಳೆಯ ಕೆಲಸ ಹಿಡಿದಿದ್ದೀರಿ. ಕೊಂಕಣಿ ಬರುತ್ತಾ?

ಗಂಗಾವಳಿ ದಡ
ಅರ್ಥ ಆಗುತ್ತದೆ. ಮಾತಾಡಲು ತಡವರಿಸುತ್ತೇನೆ.

ಬೈತಖೋಲ ಬಂದರು
ನಾನು ಕಾರವಾರದ ಮೀನುಗಾರ ಕೇರಿಗಳಲ್ಲಿ ಇದೇ ಥರದ ಕೆಲಸ ಮಾಡಿದವಳು. ಮೊದಲು ಕಲಿಯಬೇಕಾದದ್ದು ಯಾವ ಮನೆಯಲ್ಲಿ ಯಾವ ಹೊತ್ತಿಗೆ ಯಾರು ಇರುತ್ತಾರೆ ಅನ್ನುವುದು. ಬೆಳಿಗ್ಗೆ ಹತ್ತಕ್ಕೆ ಹೋದರೆ ಮನೆಗೆ ಬೀಗ. ಅಮ್ಮ ಮೀನುಪೇಟೆಯಲ್ಲಿ, ಅಪ್ಪ ಬೋಟಿನಲ್ಲಿ. ಮಧ್ಯಾಹ್ನ ಹೋದರೆ ಅಮ್ಮ ಆಗಷ್ಟೇ ಬುಟ್ಟಿ ಇಳಿಸಿ ಕಾಲು ಚಾಚಿ ಕೂತಿರುತ್ತಾಳೆ. ಆಗ ನೀವು ಫೈಲು ತೆಗೆದು "ಮಗಳು ಯಾಕೆ ಶಾಲೆಗೆ ಹೋಗ್ತಿಲ್ಲ" ಅಂದರೆ ಅವಳಿಗೆ ಸಿಟ್ಟು ಬರದೆ ಇರುತ್ತಾ?

ಇನ್ನೊಂದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಗಂಡಸರೆಲ್ಲ ಮನೆಯಲ್ಲೇ. ಕೈಯಲ್ಲಿ ಕಾಸಿಲ್ಲ, ಹೊರಗೆ ಮಳೆ, ಒಳಗೆ ಜಗಳ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಫೀಸು, ಪುಸ್ತಕ, ಯೂನಿಫಾರ್ಮ್ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಹದಿನಾರರ ಹುಡುಗ ಗೋವಾದ ಹೋಟೆಲಿಗೆ ಕೆಲಸಕ್ಕೆ ಹೋಗುವುದು ಜಾಸ್ತಿ ಆ ತಿಂಗಳುಗಳಲ್ಲೇ. ಬೆಳಿಗ್ಗೆ ರೈಲು ಹತ್ತಿದರೆ ಮಡಗಾಂವ್. ಹುಡುಗ ಹಾಳಾದ ಅಂತ ಊರು ಹೇಳುತ್ತದೆ. ಮನೆಯ ಲೆಕ್ಕ ನೋಡಿದರೆ ಅವನು ಸಾಲದ ಕಂತು ಕಟ್ಟಲು ಹೋಗಿರುತ್ತಾನೆ.

ಧಾರವಾಡದಲ್ಲಿ ಓದಿದವನು
ಎಂಎಸ್‌ಡಬ್ಲ್ಯು ಬೇಕಾ ಅಂತ ಕೇಳಿದ್ದೀರಿ. ಕೆಲಸ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಮಕ್ಕಳ ರಕ್ಷಣೆಗೆ ಇರುವ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದಲ್ಲೇ ನೋಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ, ಊರೂರಿಗೆ ಹೋಗಿ ಕೆಲಸ ಮಾಡುವ ಔಟ್‌ರೀಚ್ ಕಾರ್ಯಕರ್ತರ ಹುದ್ದೆಗೆ ಪಿಯುಸಿ ಸಾಕು. ಸಾಮಾಜಿಕ ಕಾರ್ಯಕರ್ತ, ಆಪ್ತ ಸಮಾಲೋಚಕ ಹುದ್ದೆಗೆ ಪದವಿ ಬೇಕು. ಅಂದರೆ ಆರಂಭದ ಹುದ್ದೆಗೆ ದೊಡ್ಡ ಡಿಗ್ರಿ ಯಾರೂ ಕೇಳುವುದಿಲ್ಲ.

ಆದರೆ ಎಂಎಸ್‌ಡಬ್ಲ್ಯುನಲ್ಲಿ ಸಿಗುವುದು ಪುಸ್ತಕ ಮಾತ್ರ ಅಲ್ಲ. ಎರಡು ವರ್ಷ ಪೂರ್ತಿ ವಾರದಲ್ಲಿ ಇಂತಿಷ್ಟು ದಿನ ಕ್ಷೇತ್ರಕ್ಕೆ ಹೋಗಬೇಕು. ಅಲ್ಲಿ ಆಡಿದ ಮಾತನ್ನು ಬಂದು ಬರೆಯಬೇಕು. ಅವರು ಏನು ಹೇಳಿದರು, ನೀನು ಏನು ಹೇಳಿದೆ, ಯಾಕೆ ಹಾಗೆ ಹೇಳಿದೆ. ಅದನ್ನು ಹಿರಿಯರು ಓದಿ, "ಇಲ್ಲಿ ಹುಡುಗ ಏನೋ ಹೇಳಲು ಹೊರಟಿದ್ದ, ನೀನು ಬುದ್ಧಿವಾದ ಶುರು ಮಾಡಿದೆ" ಅಂತ ಗುರುತು ಹಾಕುತ್ತಾರೆ. ಆ ತಿದ್ದುವಿಕೆ ಮೂರು ದಿನದ ಹಾಲ್ ತರಬೇತಿಯಲ್ಲಿ ಎಲ್ಲಿಂದ ಬರಬೇಕು?

ಜಗಲಿ ಮಾತು
ಧಾರವಾಡದವರೇ, ನಿಮ್ಮ ಮಾತು ಪೂರ್ತಿ ಒಪ್ಪಲಾರೆ. ಡಿಗ್ರಿ ಮಾಡಿದ ಎಷ್ಟೋ ಜನ ನಮ್ಮ ಹಾಲಕ್ಕಿ ಕೊಪ್ಪಕ್ಕೆ ಬಂದು ಹೋಗಿದ್ದಾರೆ. ಕುರ್ಚಿ ತರಿಸಿಕೊಂಡು ಕೂತು ಅರ್ಜಿ ತುಂಬಿಸಿಕೊಂಡು ಹೋದರು. ಇದೇ ಊರಲ್ಲಿ ಹುಟ್ಟಿ ಬೆಳೆದ ಆಶಾ ಅಕ್ಕನಿಗೆ ಯಾವ ಮನೆಯಲ್ಲಿ ಏನು ನಡೆದಿದೆ ಅಂತ ಎಲ್ಲ ಗೊತ್ತು. ಅಂಥವರಿಗೆ ನಾಲ್ಕು ದಿನ ಕಲಿಸಿದರೆ ಸಾಕು.

ಹೊನ್ನಾವರ ಶರಾವತಿ
ಆಶಾ ಅಕ್ಕನಿಗೆ ಎಲ್ಲ ಗೊತ್ತು, ನಿಜ. ಅದಕ್ಕೇ ಹುಡುಗಿಯರು ಅವಳ ಹತ್ತಿರ ಬಾಯಿ ಬಿಡುವುದಿಲ್ಲ. ಅವಳು ಅತ್ತೆಯ ನಾದಿನಿಯೋ, ಅಮ್ಮನ ಸ್ವಸಹಾಯ ಸಂಘದ ಗೆಳತಿಯೋ ಆಗಿರುತ್ತಾಳೆ. ಮುಟ್ಟಿನ ಹೊಟ್ಟೆನೋವು ಅವಳಿಗೆ ಹೇಳಬಹುದು. ಬಸ್ಸಿನಲ್ಲಿ ಯಾರೋ ಹಿಂದೆ ಬೀಳುತ್ತಿದ್ದಾನೆ ಅಂತ ಹೇಳಿದರೆ ಸಂಜೆಯೊಳಗೆ ಅಪ್ಪನಿಗೆ ತಲುಪುತ್ತದೆ, ಮರುದಿನದಿಂದ ಕಾಲೇಜು ಬಂದ್. ಹುಡುಗಿಗೆ ಅದು ಗೊತ್ತು.

ಆಶಾ ಕಾರ್ಯಕರ್ತೆಯರ ಮೇಲೆ ನನಗೆ ಬಹಳ ಗೌರವ ಇದೆ. ಸಣ್ಣ ಊರಲ್ಲಿ ಎಲ್ಲರೂ ಎಲ್ಲರಿಗೂ ಸಂಬಂಧಿಕರು, ಅಷ್ಟೇ. ಹೊರಗಿನಿಂದ ಬಂದವಳಿಗೆ ಆ ವಿಷಯದಲ್ಲಿ ಅನುಕೂಲವೂ ಇದೆ.

ಜಗಲಿ ಮಾತು
ಹೌದು, ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ. ಆದರೂ ಊರಿನ ಬಾಗಿಲು ತೆರೆಸಲು ಊರಿನವರೇ ಬೇಕು.

ಶಿರಸಿ ಮೇಷ್ಟ್ರು
ಶಾಲೆಯ ಕಡೆಯಿಂದ ಎರಡು ಮಾತು. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. 10ರಿಂದ 19 ವರ್ಷದವರಿಗೆ. ನಮ್ಮ ರಾಜ್ಯದಲ್ಲಿ ಅದರ ಕೆಳಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ಸಲಹೆ, ಚಿಕಿತ್ಸೆಗೆ ಸ್ನೇಹ ಕ್ಲಿನಿಕ್ ಅಂತ ನಡೆಯುತ್ತದೆ. 2020ರಿಂದ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಬೇಕು ಅಂತಲೂ ಇದೆ. ನೀವು ಹೋಗುವ ಊರಿನ ಶಾಲೆಯಲ್ಲಿ ಆ ಇಬ್ಬರು ಯಾರು ಅಂತ ಮೊದಲ ವಾರವೇ ಕೇಳಿಕೊಳ್ಳಿ. ಒಳ್ಳೆಯ ಜೊತೆ ಸಿಗುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಎಲ್ಲಿಗೂ ರಜೆ ಹಾಕಿ ಹೋಗಬೇಡಿ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ನಪಾಸಾದ ಮಗುವಿನ ಮನೆಯಲ್ಲಿ ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. "ಮುಗಿಯಿತು, ಇನ್ನು ಮುಂದಿನ ವರ್ಷ" ಅಂದುಕೊಂಡು ಹುಡುಗನನ್ನು ಗ್ಯಾರೇಜಿಗೆ ಬಿಡುತ್ತಾರೆ. ಎರಡನೇ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನಾಂಕ ಗೊತ್ತಿದ್ದರೆ ನೀವು ಆ ಮನೆಗೆ ಏನಾದರೂ ಹಿಡಿದುಕೊಂಡು ಹೋದ ಹಾಗೆ. ಬರೀ ಸಮಾಧಾನದಿಂದ ಅವರಿಗೆ ಏನೂ ಆಗಬೇಕಾಗಿಲ್ಲ.

ಹೊನ್ನಾವರ ಶರಾವತಿ
ಸ್ನೇಹ ಕ್ಲಿನಿಕ್ ಯೋಚನೆ ಒಳ್ಳೆಯದು ಮೇಷ್ಟ್ರೇ. ಆದರೆ ತಾಲೂಕು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಪಕ್ಕದ ಮನೆಯವರೇ ನಿಂತಿರುತ್ತಾರಲ್ಲ, ಹುಡುಗಿ ಒಬ್ಬಳೇ ಅಲ್ಲಿಗೆ ಹೇಗೆ ಹೋಗುತ್ತಾಳೆ? ಮೊದಲ ಸಲ ಜೊತೆಗೆ ಹೋಗುವುದೂ ಕಾರ್ಯಕರ್ತೆಯ ಕೆಲಸವೇ. ಎಲ್ಲಿ ಚೀಟಿ, ಯಾವ ಕೋಣೆ, ಏನು ಕೇಳುತ್ತಾರೆ ಅಂತ ಮೊದಲು ತಾನು ಹೋಗಿ ನೋಡಿಕೊಂಡು ಬಂದಿರಬೇಕು.

ಕೋರ್ಟು ರಸ್ತೆ
ಕಾನೂನಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ವಕೀಲೆ.

ಗಂಗಾವಳಿ ದಡ, ಯಾವ ಮಗುವಿಗೂ "ಯಾರಿಗೂ ಹೇಳಲ್ಲ, ನನ್ನ ಹತ್ತಿರ ಹೇಳು" ಅಂತ ಮಾತು ಕೊಡಬೇಡಿ. ಪೋಕ್ಸೋ ಕಾಯ್ದೆ 2012ರ 19ನೇ ಕಲಂ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರಿಗೆ ಇನ್ನೂ ಹೆಚ್ಚು. ಸಾಕ್ಷಿ ಹುಡುಕಿಕೊಂಡು ಹೋಗುವುದು ನಿಮ್ಮ ಕೆಲಸ ಅಲ್ಲ.

ಆದ್ದರಿಂದ ಮೊದಲ ಭೇಟಿಯಲ್ಲೇ ಮಗುವಿಗೆ ನೇರವಾಗಿ ಹೇಳಿ. "ನೀನು ಹೇಳುವುದನ್ನು ಊರಲ್ಲಿ ಹೇಳುವುದಿಲ್ಲ, ನಿನ್ನ ಮನೆಯಲ್ಲೂ ನಿನ್ನನ್ನು ಕೇಳದೆ ಹೇಳುವುದಿಲ್ಲ. ಆದರೆ ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ, ಇಲ್ಲ ನಿನ್ನ ಜೀವಕ್ಕೆ ಅಪಾಯ ಇದ್ದರೆ, ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತದೆ. ಹೇಳುವ ಮೊದಲು ನಿನಗೆ ತಿಳಿಸುತ್ತೇನೆ." ಈ ನಾಲ್ಕು ಮಾತು ಬಾಯಿಪಾಠ ಆಗಲಿ.

ಕಾಳಿ ಸೇತುವೆ
ಹಾಗೆ ಹೇಳಿದರೆ ಯಾವ ಮಗು ಬಾಯಿ ಬಿಡುತ್ತದೆ ಮೇಡಂ?

ಕೋರ್ಟು ರಸ್ತೆ
ಬಿಡುತ್ತವೆ. ಮೊದಲೇ ಗೊತ್ತಿದ್ದರೆ ಎಷ್ಟು ಹೇಳಬೇಕು ಅಂತ ಮಗುವೇ ತೀರ್ಮಾನ ಮಾಡುತ್ತದೆ. ಮಾತು ಕೊಟ್ಟು ಆಮೇಲೆ ಠಾಣೆಗೆ ಹೋದರೆ ಆ ಮಗು ಜನ್ಮದಲ್ಲಿ ಇನ್ನೊಬ್ಬರನ್ನು ನಂಬುವುದಿಲ್ಲ.

ಕಾಳಿ ಸೇತುವೆ
ಹದಿನೇಳು ವರ್ಷದ ಹುಡುಗಿ, ಹತ್ತೊಂಬತ್ತರ ಹುಡುಗ, ಇಬ್ಬರೂ ಒಪ್ಪಿ ಓಡಾಡುತ್ತಿದ್ದಾರೆ. ಅದನ್ನೂ ಪೊಲೀಸರಿಗೆ ಕೊಡಬೇಕಾ? ಹುಡುಗನ ಬದುಕು ಮುಗಿಯಿತು. ಹುಡುಗಿ ಗರ್ಭಿಣಿ ಆದರೆ ಆಸ್ಪತ್ರೆಗೇ ಬರುವುದಿಲ್ಲ, ಹೆದರಿಕೆಗೆ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವನು, ಕಣ್ಣಾರೆ ನೋಡಿದ್ದೇನೆ.

ಕೋರ್ಟು ರಸ್ತೆ
ನಿಮ್ಮ ಸಂಕಟ ಅರ್ಥ ಆಗುತ್ತದೆ. ಇದರ ಬಗ್ಗೆ ದೇಶದಲ್ಲೇ ಚರ್ಚೆ ನಡೆದಿದೆ. ಆದರೆ ಕಾಯ್ದೆಯಲ್ಲಿ ಒಪ್ಪಿಗೆಯ ವಯಸ್ಸು 18. ಅದಕ್ಕಿಂತ ಕೆಳಗೆ ಲೈಂಗಿಕ ಸಂಪರ್ಕ ಆಗಿದೆ ಅಂತ ಗೊತ್ತಾದರೆ ತಿಳಿಸುವ ಹೊಣೆ ಬರುತ್ತದೆ. ಇಬ್ಬರು ಮಾತಾಡಿಕೊಂಡು ಓಡಾಡುವುದೇ ಅಪರಾಧ ಅಲ್ಲ. ಆ ವ್ಯತ್ಯಾಸ ಕಾರ್ಯಕರ್ತರಿಗೆ ಸ್ಪಷ್ಟ ಇರಬೇಕು. ಅನುಮಾನ ಬಂದಾಗ ಒಬ್ಬರೇ ತೀರ್ಮಾನ ಮಾಡಬಾರದು, ಅದೇ ದಿನ ಮೇಲಿನವರ ಜೊತೆ ಮಾತಾಡಬೇಕು.

ತಿಳಿಸಿದ ಮೇಲೆ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ, ಮಗುವಿಗೆ ಹೇಳಲು ಬೇಕಾಗುತ್ತದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ, ಅದಕ್ಕೆ ಇಷ್ಟವಾದ ಜಾಗದಲ್ಲೋ ತೆಗೆದುಕೊಳ್ಳಬೇಕು. ಪೊಲೀಸರು ಸಮವಸ್ತ್ರದಲ್ಲಿ ಬರಬಾರದು. ರಾತ್ರಿ ಠಾಣೆಯಲ್ಲಿ ಕೂರಿಸುವ ಹಾಗಿಲ್ಲ. 2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಮಗುವಿಗೆ ಬೆಂಬಲ ವ್ಯಕ್ತಿಯನ್ನು, ಅಂದರೆ ತನಿಖೆ, ವಿಚಾರಣೆ ಹೊತ್ತಿನಲ್ಲಿ ಜೊತೆಗಿರುವವರನ್ನು, ಕೊಡಬಹುದು. ಮತ್ತೆ ದಯವಿಟ್ಟು ನೀವೇ ಕೆದಕಿ ಕೆದಕಿ ಕೇಳಬೇಡಿ. ಮಗು ಅದನ್ನು ಪೊಲೀಸರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ, ಕೋರ್ಟಿನಲ್ಲಿ ಮತ್ತೆ ಹೇಳಬೇಕು. ನೀವು ನಾಲ್ಕನೆಯವರಾಗಬೇಡಿ.

ಅಡಿಕೆ ತೋಟದ ಅಮ್ಮ
ನಾನು ಕೆಲಸದವಳಲ್ಲ, ತಾಯಿ. ಶಿರಸಿ ಹತ್ತಿರದ ಹಳ್ಳಿ. ಮನೆಯವರ ಕಡೆಯಿಂದ ಹೇಳುತ್ತೇನೆ.

ನನ್ನ ಮಗ ಪಿಯು ಸೈನ್ಸ್ ಸೇರಿ ದೀಪಾವಳಿ ಆದಮೇಲೆ ಕಾಲೇಜಿಗೆ ಹೋಗುವುದು ನಿಲ್ಲಿಸಿದ. ಕೋಣೆ ಬಾಗಿಲು ಹಾಕಿಕೊಂಡರೆ ಊಟಕ್ಕೆ ಮಾತ್ರ ಹೊರಗೆ. ಒಬ್ಬರು ಬಂದು "ನೀವು ಮುದ್ದು ಮಾಡಿ ಹಾಳು ಮಾಡಿದಿರಿ" ಅಂದರು. ಇನ್ನೊಬ್ಬರು "ಒತ್ತಡ ಹಾಕಿದಿರಿ" ಅಂದರು. ಇಬ್ಬರೂ ಓದಿದವರೇ.

ಆಮೇಲೆ ಒಬ್ಬ ಹುಡುಗಿ ಬಂದಳು, ನಿಮ್ಮ ಥರದ ಕೆಲಸದವಳು. ಕೊನೆಕೊಯ್ಲಿನ ಸಮಯ. ಸಂಜೆ ನಾವೆಲ್ಲ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾ ಕೂತಿದ್ದೆವು. ಅವಳು ಕುರ್ಚಿ ಬೇಡ ಅಂದಳು. ನಮ್ಮ ಸಾಲಿನಲ್ಲೇ ನೆಲದ ಮೇಲೆ ಕೂತು ಸುಲಿದ ಅಡಿಕೆ ಬುಟ್ಟಿಗೆ ತುಂಬಿದಳು. ಮಗನನ್ನು ಕರೆಯಿರಿ ಅನ್ನಲಿಲ್ಲ. ನನ್ನ ಹತ್ತಿರ, "ಅಮ್ಮಾ, ನಿಮಗೆ ರಾತ್ರಿ ನಿದ್ದೆ ಬರ್ತಾ ಇದೆಯಾ?" ಅಂತ ಕೇಳಿದಳು. ಅಷ್ಟು ತಿಂಗಳಲ್ಲಿ ನನ್ನನ್ನು ಅದನ್ನು ಕೇಳಿದವರು ಯಾರೂ ಇರಲಿಲ್ಲ. ನನ್ನ ಕೈ ನಿಂತುಹೋಯಿತು.

ಎರಡನೇ ಸಲ ಬಂದಾಗ ಮಗ ತಾನೇ ಹೊರಗೆ ಬಂದು ಬುಟ್ಟಿ ಎತ್ತಿ ಅಂಗಳಕ್ಕೆ ಒಯ್ದ. ಅವಳೂ ಹಿಂದೆ ಹೋದಳು. ಅಲ್ಲಿ ಏನು ಮಾತಾಡಿದರೋ ನನಗೆ ಇವತ್ತಿಗೂ ಹೇಳಿಲ್ಲ, ನಾನೂ ಕೇಳಿಲ್ಲ. ಈಗ ಅವನು ಕಾಮರ್ಸ್ ಓದುತ್ತಿದ್ದಾನೆ.

ಘಟ್ಟದ ಮೇಲಿನವ
ಅಮ್ಮಾ, ಓದಿ ಕಣ್ಣು ತುಂಬಿ ಬಂತು.

ಧಾರವಾಡದಲ್ಲಿ ಓದಿದವನು
ಆ ಹುಡುಗಿ ಮಾಡಿದ್ದು ಬಹಳ ದೊಡ್ಡ ಕೆಲಸ. ಆದರೆ ಹೊಸಬರು ಇದನ್ನು ಓದಿ ಎಲ್ಲ ಮನೆಯಲ್ಲೂ ಅಡಿಕೆ ಸುಲಿಯಲು ಕೂರಬಾರದು. ಕೆಲವು ಮನೆಯಲ್ಲಿ ಹಾಗೆ ಕೂತರೆ "ಇವಳು ಅಪ್ಪ ಅಮ್ಮನ ಕಡೆಯವಳು" ಅಂತ ಮಗು ಲೆಕ್ಕ ಹಾಕುತ್ತದೆ. ಮನೆಯವರ ಮತ್ತು ಮಗುವಿನ ನಡುವೆ ನಿಲ್ಲುವುದೇ ಈ ಕೆಲಸದ ಕಷ್ಟ.

ಬೈತಖೋಲ ಬಂದರು
ಹೌದು. ಚಹಾ ಕೊಟ್ಟರೆ ಕುಡಿಯಿರಿ, ಮೀನು ಕಟ್ಟಿ ಕೊಟ್ಟರೆ ಬೇಡ ಅನ್ನಿ. ನಮ್ಮ ಕೇರಿಗಳಲ್ಲಿ ಚಹಾ ಬೇಡ ಅಂದರೆ ಜಾತಿ ನೋಡಿದರು ಅಂತ ಅರ್ಥ.

ಜಗಲಿ ಮಾತು
ಬಂಗಡೆ ಕಟ್ಟಿ ಕೊಟ್ಟರೂ ಬೇಡ ಅನ್ನಬೇಕಾ? ಆಗಸ್ಟಿನಲ್ಲಿ ಮೊದಲ ಬೋಟು ಬಂದಾಗ?

ಬೈತಖೋಲ ಬಂದರು
ಆಗ ಇನ್ನೂ ಕಷ್ಟ ಮಾರಾಯ್ರೆ. ಆದರೂ ಬೇಡ. ಇವತ್ತು ಈ ಮನೆಯ ಮೀನು ತಗೊಂಡರೆ ನಾಳೆ ಪಕ್ಕದ ಮನೆಯವರು ಕೇಳುತ್ತಾರೆ.

ಜೋಯಿಡಾ ಕಾಡು
ಕರಾವಳಿ, ಶಿರಸಿ ಎರಡೇ ಮಾತಾಡುತ್ತಿದ್ದೀರಿ. ನಮ್ಮ ಕಡೆ ನೋಡಿ. ಕುಣಬಿ ಮನೆಗಳು ಕಾಡಿನೊಳಗೆ ಅಲ್ಲೊಂದು ಇಲ್ಲೊಂದು. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿಗಳ ಹಾಡಿಗಳೂ ಹಾಗೇ. ಹೈಸ್ಕೂಲ್ ಅಂದರೆ ಹಾಸ್ಟೆಲ್. ಮಗು ಒಂದು ಕಡೆ, ಅಪ್ಪ ಅಮ್ಮ ಇನ್ನೊಂದು ಕಡೆ. ಹಬ್ಬಕ್ಕೆ ಮನೆಗೆ ಬಂದ ಹುಡುಗ ತಿರುಗಿ ಹಾಸ್ಟೆಲಿಗೆ ಹೋಗುವುದಿಲ್ಲ. ಯಾಕೆ ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾನೆ. ಹಾಸ್ಟೆಲಿನಲ್ಲಿ ದೊಡ್ಡ ಹುಡುಗರು ಹೊಡೆಯುತ್ತಾರೆ ಅಂತ ಗೊತ್ತಾಗಲು ತಿಂಗಳು ಬೇಕಾಯಿತು, ಅದೂ ಅವನ ತಂಗಿಯ ಬಾಯಿಂದ.

ತರಬೇತಿಯಲ್ಲಿ ಸಹಾಯವಾಣಿ ನಂಬರ್ ಬರೆಸುತ್ತಾರೆ. ಸಿಗ್ನಲ್ ಇಲ್ಲದ ಕಡೆ ನಂಬರ್ ಇಟ್ಟುಕೊಂಡು ಏನು ಮಾಡಬೇಕು? ಎಲ್ಲಿ ಸಿಗ್ನಲ್ ಸಿಗುತ್ತದೆ, ಯಾವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಬಹುದು, ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಯಾರು ಕೂತಿರುತ್ತಾರೆ, ಇವನ್ನೂ ಬರೆದುಕೊಳ್ಳಿ. ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅನ್ನುತ್ತಾರೆ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಊರಲ್ಲಿ ಮಗುವನ್ನು ಯಾರಿಗೂ ಅನುಮಾನ ಬರದ ಹಾಗೆ ಭೇಟಿ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕಾಳಿ ಸೇತುವೆ
ಕಡ್ಡಾಯ ಶಿಕ್ಷಣ ಇರುವುದೂ 14 ವರ್ಷದವರೆಗೆ ಮಾತ್ರ ಅಲ್ವಾ. ಹದಿನೈದರವನು ಶಾಲೆ ಬಿಟ್ಟರೆ ಅವನ ಹೆಸರು ಯಾರ ಪಟ್ಟಿಯಲ್ಲಿ ಇರುತ್ತದೆ?

ಜೋಯಿಡಾ ಕಾಡು
ಅದೇ ನಾನು ಹೇಳುತ್ತಿರುವುದು. ಅವನ ಹಿಂದೆ ಹೋಗುವವರು ಈ ಕಾರ್ಯಕರ್ತರು ಮಾತ್ರ.

ಹಳೇ ಪೇಟೆ
ಇಷ್ಟೆಲ್ಲ ಯಾಕೆ? ಮೊಬೈಲ್ ಕಿತ್ತುಕೊಳ್ಳಿ, ಅರ್ಧ ಸಮಸ್ಯೆ ಮುಗಿಯುತ್ತದೆ. ನಮ್ಮ ಕಾಲದಲ್ಲಿ ಕೌನ್ಸೆಲಿಂಗ್ ಇರಲಿಲ್ಲ, ನಾವೇನು ಬೆಳೆಯಲಿಲ್ಲವಾ?

ಹೊನ್ನಾವರ ಶರಾವತಿ
ನಿಮ್ಮ ಕಾಲದಲ್ಲೂ ಹುಡುಗಿಯರು ಬಾವಿಗೆ ಬಿದ್ದಿದ್ದಾರೆ ಸರ್. ಊರು "ಕಾಲು ಜಾರಿತು" ಅಂದಿತು.

ಹಳೇ ಪೇಟೆ
ಆ ಮಾತು ಒಪ್ಪುತ್ತೇನೆ. ಆದರೂ ಮೊಬೈಲಿನ ಕಾಟ ಕಮ್ಮಿ ಅಲ್ಲ.

ಮನಸ್ಸಿನ ಆಸ್ಪತ್ರೆ
ಮಾನಸಿಕ ಆರೋಗ್ಯ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಹೊಸಬರಿಗೆ ಹೆಚ್ಚು ಭಯ ಇರುವ ವಿಷಯದ ಬಗ್ಗೆಯೇ ಬರೆಯುತ್ತೇನೆ.

ಮಗು "ನಾನು ಇದ್ದು ಏನು ಪ್ರಯೋಜನ" ಅನ್ನುವ ಥರದ ಮಾತಾಡಿದರೆ ಮಾತು ಬದಲಿಸಬೇಡಿ. "ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?" ಅಂತ ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಮಗುವಿಗೆ ಹಗುರ ಆಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಮನೆಯಲ್ಲಿ ಮಗು ನಂಬುವ ದೊಡ್ಡವರು ಯಾರು ಅಂತ ಮಗುವನ್ನೇ ಕೇಳಿ ಅವರನ್ನು ಜೊತೆ ಮಾಡಿ. ತೋಟದ ಔಷಧಿ, ಮಾತ್ರೆ ಡಬ್ಬಿ ಎಲ್ಲ ಬೀಗದೊಳಗೆ ಇಡಲು ಹೇಳಿ. ಅಲ್ಲಿಂದಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಅಪಾಯ, ಹಿಂಸೆ ಅಂದರೆ ಮಕ್ಕಳ ಸಹಾಯವಾಣಿ 1098. ಆಮೇಲೆ ಆಸ್ಪತ್ರೆಗೆ ಕರೆತನ್ನಿ.

ಹೋಗುವ ಮೊದಲು ಏನು ಕಲಿತಿರಬೇಕು ಅಂತ ಕೇಳಿದ್ದಿರಿ. ಮಾನಸಿಕ ಪ್ರಥಮ ಚಿಕಿತ್ಸೆ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಇದೆ. ನೋಡು, ಕೇಳು, ಸಹಾಯಕ್ಕೆ ಜೋಡಿಸು. ಮೂರೇ ಹೆಜ್ಜೆ. ಡಿಗ್ರಿ ಇಲ್ಲದವರಿಗೂ ಆಗಲಿ ಅಂತಲೇ ಬರೆದದ್ದು. ಮಕ್ಕಳ ರಕ್ಷಣೆಯ ಕೆಲಸದವರಿಗೆ ನಿಮ್ಹಾನ್ಸಿನ ಸಂವಾದ್ ತಂಡ ತರಬೇತಿ ಕೊಡುತ್ತದೆ. ರಾಜ್ಯದ ಯುವ ಸ್ಪಂದನ ಕಾರ್ಯಕ್ರಮದಲ್ಲಿ ಊರಿನ ಯುವಕ ಯುವತಿಯರನ್ನೇ ಯುವ ಪರಿವರ್ತಕರು ಅಂತ ತಯಾರು ಮಾಡುತ್ತಾರೆ. ಅದನ್ನು ಮಾಡಿದವರು ನಿಮ್ಮ ತಾಲೂಕಿನಲ್ಲಿದ್ದರೆ ಹುಡುಕಿ ಮಾತಾಡಿ.

ಗಂಗಾವಳಿ ದಡ
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ನಾಲ್ಕು ಮಾತು ಬಾಯಿಪಾಠ ಮಾಡುತ್ತಿದ್ದೇನೆ ಕೋರ್ಟು ರಸ್ತೆ ಅಕ್ಕ. ಆದರೆ ಅಪ್ಪ ಕುಡಿದು ಕೂತಿದ್ದರೆ?

ಬೈತಖೋಲ ಬಂದರು
ಒಳಗೆ ಹೋಗಬೇಡಿ. ಅವನಿಗೆ ಬುದ್ಧಿ ಹೇಳಬೇಡಿ. "ಹೀಗೇ ಬಂದಿದ್ದೆ, ಇನ್ನೊಮ್ಮೆ ಬರ್ತೇನೆ" ಅಂತ ಅಂಗಳದಿಂದಲೇ ಹೇಳಿ ಹೊರಡಿ. ಹೊರಡುವಾಗ ಅಮ್ಮನ ಮುಖ, ಮಕ್ಕಳ ಮುಖ ನೋಡಿ. ಹೆದರಿಕೆ ಕಂಡರೆ, ಹೊಡೆದ ಗುರುತು ಕಂಡರೆ, ದಾರಿಗೆ ಬಂದ ಕೂಡಲೇ ನಿಮ್ಮ ಮೇಲಿನವರಿಗೆ ಫೋನ್. ಅಲ್ಲೇ ಹೊಡೆತ ನಡೆಯುತ್ತಿದ್ದರೆ 112. ಮರುದಿನ ಅಮ್ಮನನ್ನು ಮೀನುಪೇಟೆಯಲ್ಲಿ ಭೇಟಿ ಮಾಡಿ, ಮೀನು ಕೊಳ್ಳುವ ನೆವದಲ್ಲಿ ಪಕ್ಕ ಕೂತರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಮನೆ ಭೇಟಿ ಅಂದರೆ ಮನೆಯಲ್ಲೇ ಆಗಬೇಕು ಅಂತಿಲ್ಲ.

ಧಾರವಾಡದಲ್ಲಿ ಓದಿದವನು
ಇಲ್ಲಿ ಬಂದರಿನವರು "ಮೇಲಿನವರಿಗೆ ಫೋನ್" ಅಂದರಲ್ಲ, ನನಗೆ ಅದೇ ಮುಖ್ಯ. ಸಂಜೆ ಏಳಕ್ಕೆ ನೀವು ಫೋನ್ ಮಾಡಿದರೆ ಎತ್ತುವವರು ಯಾರು? ಹೆಸರು ಹೇಳಲಿ. ಮೊದಲ ತಿಂಗಳು ನಿಮ್ಮ ಜೊತೆ ಬರುವ ಹಳಬರು ಯಾರು? ವಾರಕ್ಕೊಮ್ಮೆ ಕೂತು ಪ್ರತಿ ಮನೆಯ ವಿಷಯ ಮಾತಾಡಲು ಸಮಯ ಇಟ್ಟಿದ್ದಾರಾ, ಅಥವಾ ಆ ಮೀಟಿಂಗಿನಲ್ಲಿ ಬರೀ ಎಷ್ಟು ಮನೆ ಆಯಿತು ಅಂತ ಲೆಕ್ಕ ಕೇಳುತ್ತಾರಾ? ಇದನ್ನು ಸಂಸ್ಥೆಯವರ ಹತ್ತಿರ ಮುಖಾಮುಖಿ ಕೇಳಿ. ಈ ಮೂರಕ್ಕೆ ಉತ್ತರ ಇದ್ದರೆ ಮೂರು ದಿನದ ತರಬೇತಿ ಸಾಕು. ಇಲ್ಲದಿದ್ದರೆ ಮೂರು ತಿಂಗಳು ಕೊಟ್ಟರೂ ನೀವು ಒಬ್ಬರೇ. ಈಜು ಕಲಿಸಿ ಹೊಳೆಗೆ ಬಿಟ್ಟು ದಡದಲ್ಲಿ ಯಾರೂ ನಿಲ್ಲದಿದ್ದರೆ ಹೇಗೆ?

ಕೋರ್ಸ್ ವಿಷಯ. ಇಗ್ನೋದಲ್ಲಿ ದೂರ ಶಿಕ್ಷಣದ ಎಂಎಸ್‌ಡಬ್ಲ್ಯು ಇದೆ, ದುಡಿಯುತ್ತಾ ಮಾಡಬಹುದು, ಕ್ಷೇತ್ರಕಾರ್ಯವೂ ಇದೆ. ಮನಃಶಾಸ್ತ್ರದ ಡಿಗ್ರಿಯನ್ನು ದೂರ ಶಿಕ್ಷಣದಲ್ಲಿ ಕೊಡುತ್ತೇವೆ ಅನ್ನುವವರ ಬಗ್ಗೆ ಎಚ್ಚರ. 2025ರಲ್ಲಿ ಯುಜಿಸಿ ಅದನ್ನು ನಿಲ್ಲಿಸಲು ಹೇಳಿದೆ. ಒಂದು ವರ್ಷ ಕೆಲಸ ಮಾಡಿ ಆಮೇಲೆ ಸೇರಿ. ಆಗ ಪುಸ್ತಕದಲ್ಲಿ ಬರುವ ಪ್ರತಿ ಮಾತಿಗೂ ನಿಮಗೆ ಒಂದು ಮನೆ ನೆನಪಾಗುತ್ತದೆ.

ಕಾಳಿ ಸೇತುವೆ
ಸಂಬಳದ ಬಗ್ಗೆ ಯಾರೂ ಮಾತಾಡಲಿಲ್ಲ. ಮಿಷನ್ ವಾತ್ಸಲ್ಯದ ಔಟ್‌ರೀಚ್ ಕಾರ್ಯಕರ್ತರಿಗೆ ಮಾರ್ಗಸೂಚಿಯಲ್ಲಿ ಇರುವುದು ತಿಂಗಳಿಗೆ 10,592 ರೂಪಾಯಿ. ಸಣ್ಣ ಸಂಸ್ಥೆಗಳಲ್ಲಿ ಅದಕ್ಕಿಂತ ಕಮ್ಮಿ ಕೊಡುವವರೂ ಇದ್ದಾರೆ. ಪೆಟ್ರೋಲ್ ಅದರಲ್ಲೇ. ಒಳ್ಳೆಯ ಹುಡುಗಿಯರು ಕೆಲಸ ಕಲಿಯುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ. ಮಕ್ಕಳಿಗೆ ಮತ್ತೆ ಹೊಸ ಮುಖ. ತರಬೇತಿ ಎಷ್ಟು ದಿನ ಅನ್ನುವುದಕ್ಕಿಂತ ಇದು ದೊಡ್ಡ ಪ್ರಶ್ನೆ.

ಅಡಿಕೆ ತೋಟದ ಅಮ್ಮ
ನಮ್ಮ ಮನೆಗೆ ಬರುತ್ತಿದ್ದ ಹುಡುಗಿಯೂ ಬಿಟ್ಟು ಹೋದಳು. ಹೋಗುವ ಮೊದಲು ಬಂದು, ಇನ್ನು ಬರುವುದಿಲ್ಲ, ಇಂಥವರು ಬರುತ್ತಾರೆ ಅಂತ ಮಗನಿಗೆ ಹೇಳಿ ಹೋದಳು. ಹೇಳದೆ ಹೋಗಿದ್ದರೆ ಅವನು ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದ.

ಗಂಗಾವಳಿ ದಡ
ಧಾರವಾಡದವರು ಹೇಳಿದ್ದನ್ನು ಇವತ್ತು ಕೇಳಿದೆ. ಹಳಬರೊಬ್ಬರು ಮೊದಲ ತಿಂಗಳು ಜೊತೆ ಬರುತ್ತಾರೆ ಅಂದರು. ಫೋನ್ ಎತ್ತುವವರ ಹೆಸರೂ ಕೊಟ್ಟರು. ವಾರದ ಮೀಟಿಂಗ್ ಬಗ್ಗೆ "ನೋಡೋಣ" ಅಂದರು. ಬಿಡುವುದಿಲ್ಲ, ಮತ್ತೆ ಕೇಳುತ್ತೇನೆ.

ಇನ್ನೊಂದು ಸಮಸ್ಯೆ. ಪ್ರತಿ ಭೇಟಿಗೂ ಮಗುವಿನ ಜೊತೆ ನಿಂತು ಜಿಪಿಎಸ್ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕಂತೆ. ಹೋಗಿದ್ದಕ್ಕೆ ಸಾಕ್ಷಿ. ಗ್ರೂಪಿನಲ್ಲಿ ಮೂವತ್ತು ಜನ ಇದ್ದಾರೆ.

ಕೋರ್ಟು ರಸ್ತೆ
ಹಾಕಬೇಡಿ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ, ಪೋಕ್ಸೋದ 23ನೇ ಕಲಂ, ಎರಡನ್ನೂ ಮುಂದೆ ಇಟ್ಟು ಮಾತಾಡಿ. ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಹೊರಗೆ ಬರಬಾರದು. ಗ್ರೂಪಿಗೆ ಹಾಕಿದ ಫೋಟೊ ಎಲ್ಲೆಲ್ಲಿ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಶಿರಸಿ ಮೇಷ್ಟ್ರು
ಭೇಟಿಗೆ ಸಾಕ್ಷಿ ಬೇಕಿದ್ದರೆ ಊರಿನ ಬಸ್ ನಿಲ್ದಾಣದ ಫೋಟೊ ಹಾಕಿ. ಮಗು ಅದರಲ್ಲಿ ಯಾಕೆ ಬೇಕು?

ಹೊನ್ನಾವರ ಶರಾವತಿ
ರಿಜಿಸ್ಟರಿನಲ್ಲೂ ಅಷ್ಟೇ. "ಹುಡುಗಿ ನಡತೆ ಸರಿಯಿಲ್ಲ" ಅಂತ ಬರೆದದ್ದನ್ನು ನಾನು ಓದಿದ್ದೇನೆ. ಕಂಡದ್ದು, ಕೇಳಿದ್ದು ಬರೆಯಿರಿ. "ನಾಲ್ಕು ದಿನದಿಂದ ಶಾಲೆಗೆ ಹೋಗಿಲ್ಲ, ಹೊಟ್ಟೆನೋವು ಅಂದಳು, ತಲೆ ಎತ್ತಿ ಮಾತಾಡಲಿಲ್ಲ." ಮುಂದೆ ಬರುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಹೆಸರಿನ ಬದಲು ಸಂಖ್ಯೆ ಹಾಕಿ, ಹೆಸರಿನ ಪಟ್ಟಿ ಬೇರೆ ಕಡೆ ಬೀಗದಲ್ಲಿ ಇರಲಿ.

ಗಂಗಾವಳಿ ದಡ
ಸೋಮವಾರದ ಮೀಟಿಂಗಿನಲ್ಲಿ ಫೋಟೊ ವಿಷಯ ಎತ್ತುತ್ತೇನೆ. ನನ್ನ ಜೊತೆ ತರಬೇತಿಗೆ ಬಂದಿದ್ದ ಇಬ್ಬರು ತಾವೂ ಮಾತಾಡುತ್ತೇವೆ ಅಂದಿದ್ದಾರೆ. ಮೊದಲ ಭೇಟಿ ಬುಧವಾರ, ಸಮುದ್ರದ ಕಡೆಯ ಊರು.

ಬೈತಖೋಲ ಬಂದರು
ಸಂಜೆ ನಾಲ್ಕರ ಮೇಲೆ ಹೋಗಿ, ಪೇಟೆಯಿಂದ ಬಂದವರು ಸ್ನಾನ ಊಟ ಮುಗಿಸಿರುತ್ತಾರೆ. ಕತ್ತಲಾಗುವ ಮೊದಲು ವಾಪಸ್ ಬಸ್ ಯಾವುದು ಅಂತ ನೋಡಿಕೊಂಡಿರಿ. ಕೊಂಕಣಿ ಚೆನ್ನಾಗಿ ಬಲ್ಲವರು ಜೊತೆಗೆ ಬೇಕಿದ್ದರೆ ನನಗೆ ಸಂದೇಶ ಕಳಿಸಿ, ಆ ಕಡೆ ಪರಿಚಯದವರಿದ್ದಾರೆ.